ಕೆಳಗೆ ನೋಡುವ ಮಿಷನ್

ಮೀನು ಹುಡುಕುವ ಮಿಷನ್ ಒಂದಿದೆ ಎಂದು ನಮ್ಮ ಮನೆಯವರ ತಲೆ ತುಂಬಿದವನು ಬೈಲಹೊಂಗಲದ ಒಬ್ಬ ಟಿವಿ ಅಂಗಡಿಯವನು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಕೆಟ್ಟ ಟಿವಿಯನ್ನು ರಿಪೇರಿಗೆ ಕೊಟ್ಟು ಬರುತ್ತೇನೆಂದು ಹೋದ ಮನುಷ್ಯ, ಟಿವಿ ಏನಾಯಿತೆಂದು ಕೇಳುವುದನ್ನೂ ಮರೆತು ಈ ಸುದ್ದಿ ಹೊತ್ತುಕೊಂಡು ಬಂದರು. ಅಂಗಡಿಯವನ ಭಾವಮೈದುನ ಗೋವಾದಲ್ಲಿ ಸಮುದ್ರದ ಬೋಟುಗಳಿಗೆ ಸಾಮಾನು ಮಾರುತ್ತಿದ್ದನಂತೆ. ನೀರು ಎಷ್ಟು ಆಳ ಇದೆ, ಮೀನು ಎಲ್ಲಿವೆ, ತಳದಲ್ಲಿ ಕಲ್ಲಿದೆಯೋ ಕೆಸರಿದೆಯೋ, ಎಲ್ಲವನ್ನೂ ಗಾಜಿನ ಮೇಲೆ ಬರೆದು ತೋರಿಸುವ ಮಿಷನ್ ಅವನ ಹತ್ತಿರ ಇದೆಯಂತೆ. ಅಂದಿನ ಊಟದಲ್ಲಿ ರೊಟ್ಟಿ ಎಷ್ಟು ತಿಂದರೋ ಗೊತ್ತಿಲ್ಲ, ಆ ಮಾತನ್ನೇ ಅಗಿದರು.

ನನಗೆ ಆ ಹೊತ್ತಿನಿಂದಲೇ ಅದು ಸರಿಬರಲಿಲ್ಲ. ಕಾರಣ ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ನನ್ನ ತವರು ರಾಮದುರ್ಗ ತಾಲೂಕಿನ ಕಟಕೋಳ. ಅಪ್ಪನ ಕಡೆಯವರು ಬಲೆ ಬಿಟ್ಟು ಕೂರಿಗೆ ಹಿಡಿದು ತಲೆಮಾರುಗಳು ಕಳೆದಿದ್ದವು. ನಾನು ಬಲ್ಲ ನೀರೆಂದರೆ ಬಾವಿಯದು. ಅದಕ್ಕೊಂದು ತಳ, ಸುತ್ತಲೂ ಒಂದು ಕಟ್ಟೆ. ತೊಂಬತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಸವದತ್ತಿ ಕಡೆಯ ಈ ಊರಿಗೆ ಬಂದಾಗ ಹಿತ್ತಲ ಬಾಗಿಲು ತೆರೆದರೆ ಮಲಪ್ರಭೆಯ ಹಿನ್ನೀರು. ಆಚೆ ದಂಡೆ ಕಾಣುತ್ತಿರಲಿಲ್ಲ. ಮೊದಲ ಬೆಳಗ್ಗೆ ಅದನ್ನು ನೋಡಿ ಎದೆ ಧಸಕ್ಕೆಂದಿತು. ನೋಡಿ ನೋಡಿ ರೂಢಿಯಾಗುತ್ತದೆ ಎಂದರು ಅತ್ತೆ. ಆಗಲಿಲ್ಲ.

ಈ ನೀರಿನ ಒಳಗೊಂದು ಊರಿತ್ತು. ನಮ್ಮ ಮಾವ ಹುಟ್ಟಿದ್ದು ಅಲ್ಲೇ. ಅಣೆಕಟ್ಟು ಎದ್ದಾಗ ಜನ ದನಕರು, ಬಾಗಿಲು, ಜಂತಿ ಎಲ್ಲ ಕಿತ್ತುಕೊಂಡು ಮೇಲೆ ಬಂದರು. ಗೋಡೆಗಳನ್ನು ತರಲಾಗಲಿಲ್ಲ. ಮಣ್ಣಿನ ಗೋಡೆಗಳು ಕರಗಿ ಹೋದವು. ಊರ ದೇಸಾಯರ ದೊಡ್ಡ ಮನೆ, ಅದಕ್ಕೆ ನಮ್ಮ ಕಡೆ ವಾಡೆ ಎನ್ನುತ್ತಾರೆ, ಕಲ್ಲಿನದು. ಅದು ಕರಗಲಿಲ್ಲ. ಮಳೆಗಾಲ ಮುಗಿದು ಈ ಹಿನ್ನೀರಿನ ಕೆರೆ ತುಂಬಿ ನಿಂತಾಗ ವಾಡೆಯ ಗೋಡೆ ಆಳದಲ್ಲಿ ಇರುತ್ತದೆ, ಬೋಟು ಅದರ ಮೇಲೆಯೇ ಹಾದು ಹೋಗುತ್ತದೆ. ಕಾಲುವೆಗೆ ನೀರು ಬಿಟ್ಟ ಹಾಗೆಲ್ಲ ಮಟ್ಟ ಇಳಿದು, ಹೋಳಿ ಹುಣ್ಣಿಮೆಯ ಸುಮಾರಿಗೆ ಗೋಡೆಯ ನೆತ್ತಿ ಮೊಣಕಾಲುದ್ದ ನೀರಿನ ಕೆಳಗೆ ಬಂದು ನಿಲ್ಲುತ್ತದೆ. ಕೆಟ್ಟ ಕಾಲವೆಂದರೆ ಅದೇ. ಮೇಲಿನಿಂದ ಕಾಣುವುದಿಲ್ಲ, ಬೋಟಿನ ತಳಕ್ಕೆ ತಾಗದೆ ಬಿಡುವುದಿಲ್ಲ. ನನ್ನ ಗಂಡನ ಅಣ್ಣ ನಾನು ಈ ಮನೆಗೆ ಬರುವ ಮೊದಲೇ ಒಂದು ಬೇಸಿಗೆಯಲ್ಲಿ ಬಿರುಗಾಳಿಗೆ ಸಿಕ್ಕಿ, ದಾರಿ ತಪ್ಪಿ, ಆ ಗೋಡೆಗೆ ಬೋಟು ಒಡೆದುಕೊಂಡು ತೀರಿಹೋಗಿದ್ದ. ನಮ್ಮ ಮನೆಯ ಗೋಡೆಯ ಮೇಲೆ ಹಾರ ಹಾಕಿದ ಫೋಟೋದಲ್ಲಿ ಮಾತ್ರ ನಾನು ಅವನನ್ನು ಬಲ್ಲೆ.

ಅದಕ್ಕೇ ಈ ದಂಡೆಯವರಲ್ಲಿ ಒಂದು ಪದ್ಧತಿ. ಹೋಳಿ ಮುಗಿಯುತ್ತಿದ್ದಂತೆ ಬೋಟು ಇರುವವರು ಒಬ್ಬೊಬ್ಬರು ಒಂದೊಂದು ಮುಳುಗಿದ ಗೋಡೆಯ ಮೇಲೆ ಬಿದಿರಿನ ಗಳ ನೆಟ್ಟು ಬರುತ್ತಾರೆ. ಗಳದ ತುದಿಗೆ ಆ ಮನೆಯ ಹೆಣ್ಣುಮಗಳು ಉಟ್ಟು ಹಳತಾದ ಸೀರೆಯ ತುಂಡು. ಹೊಸ ಬಟ್ಟೆ ಕಟ್ಟುವಂತಿಲ್ಲ. ಮೈಗೆ ಹತ್ತಿದ ಬಟ್ಟೆ ಗಂಡಸರನ್ನು ಮನೆಗೆ ಕರೆಯುತ್ತದೆ ಎಂದು ಅತ್ತೆ ಹೇಳಿದ್ದರು. ಅವರ ಮಾತಿಗೆ ನಾನು ಮನಸ್ಸಿನಲ್ಲೇ ಮೂಗು ಮುರಿದಿದ್ದೆ. ಆದರೂ ಮದುವೆಯಾದ ವರ್ಷದಿಂದ ಪ್ರತಿ ಬೇಸಿಗೆಗೆ ನನ್ನದೊಂದು ಸೀರೆ ಆ ವಾಡೆಯ ಮೇಲೆ ಹಾರಾಡುತ್ತಿತ್ತು. ವಾಡೆಯ ಗಳ ನಮ್ಮ ಮನೆಯ ಪಾಲು. ಹಿರಿಮಗ ಹೋದ ಮೇಲೆ ಮಾವ ಅದನ್ನು ಬೇರೆ ಯಾರಿಗೂ ನೆಡಗೊಟ್ಟಿರಲಿಲ್ಲ. ಬುಟ್ಟಿಯಂಥ ಹಳೇ ಹರಗೋಲಿನಲ್ಲಿ ಒಬ್ಬರೇ ಹೋಗಿ, ಗೋಡೆಯ ನೆತ್ತಿಯ ಮೇಲೆ ನಿಂತು, ಕಲ್ಲಿನ ಸಂದಿಯಲ್ಲಿ ಗಳ ಇಳಿಸಿ ಬರುತ್ತಿದ್ದರು.

ಅಂಗಡಿಯವನು ದಸರೆಯ ನಂತರ ಒಂದು ರವಿವಾರ ಎರಡು ಡಬ್ಬಿ ಕಟ್ಟಿಕೊಂಡು ಸ್ಕೂಟರ್ ಮೇಲೆ ಬಂದ. ನೀರಿನಲ್ಲಿ ಪರೀಕ್ಷೆ ಮಾಡಿಯೇ ಆರಿಸಿರಿ ಎಂದ. ಕೆರೆ ತುಂಬಿ ಗಾಜಿನ ಹಾಗೆ ನಿಂತಿತ್ತು. ಮಿಷನ್ ಜೊತೆಗಿದ್ದ ಪುಸ್ತಕ ಇಂಗ್ಲಿಷಿನಲ್ಲಿದ್ದದ್ದರಿಂದ ನನ್ನನ್ನೂ ಬೋಟಿಗೆ ಹತ್ತಿಸಿದರು. ನಾನು ಪಿಯುಸಿ ಫೇಲಾದವಳು ನಿಜ, ಆದರೆ ಫೇಲಾದದ್ದು ಗಣಿತದಲ್ಲಿ. ಮಾವ ಕರೆಯದಿದ್ದರೂ ಬಂದು ಮೂಲೆಯಲ್ಲಿ ಕುಳಿತರು.

ಒಂದು ಮಿಷನ್ ಅಂಗೈಯಷ್ಟು ಚಿಕ್ಕದು. ಬೂದು ಬಣ್ಣದ ಗಾಜಿನ ಮೇಲೆ ಆಳದ ಅಂಕಿ, ಮೀನಿನ ಆಕಾರದ ಚುಕ್ಕೆಗಳು. ಮೀನು ಬಂದರೆ ಟಿಣ್ ಎಂದು ಸದ್ದು. ಇನ್ನೊಂದು ದೊಡ್ಡದು, ಬಣ್ಣದ್ದು. ಅದರಲ್ಲಿ ಇದೆಲ್ಲದರ ಜೊತೆಗೆ ಜಿಪಿಎಸ್. ಕೆರೆಯ ನಡುವೆ ಎಲ್ಲಿ ಬೇಕೋ ಅಲ್ಲಿ ಗುಂಡಿ ಒತ್ತಿದರೆ ಆ ಜಾಗ ಅದರ ನೆನಪಿನಲ್ಲಿ ಕೂರುತ್ತದೆ. ನಾಳೆ ಮಂಜು ಮುಸುಕಿರಲಿ, ಕತ್ತಲಿರಲಿ, ಒಂದು ಗೆರೆ ಎಳೆದು ನಿಮ್ಮನ್ನು ಅಲ್ಲಿಗೇ ಮುಟ್ಟಿಸುತ್ತದೆ. ಎರಡಕ್ಕೂ ಬೋಟಿನ ಹಿಂಬದಿಯಲ್ಲಿ ನೀರಿಗೆ ಇಳಿಬಿಡುವ ಒಂದು ಕರೀ ಗುಂಡು. ಕೆಳಗಿನದನ್ನೆಲ್ಲ ಮಿಷನ್‌ಗೆ ಹೇಳುವುದು ಅದೇ.

ಮಾವ ಮೊದಲ ಸಲ ಬಾಯಿ ಬಿಟ್ಟು, “ವಾಡೇದ ಮ್ಯಾಲೆ ಹೊಡೀ,” ಎಂದರು. ಮನೆಯವರು ಗುಡ್ಡದ ಕಡೆ ಒಂದು ಕಣ್ಣಿಟ್ಟು, ದಂಡೆಯ ಬೇವಿನ ಮರದ ಕಡೆ ಒಂದು ಕಣ್ಣಿಟ್ಟು ಬೋಟು ತಿರುಗಿಸಿದರು. ಹೋಗುತ್ತ ಹೋಗುತ್ತ ಗಾಜಿನ ಕೆಳಭಾಗದ ಸಪಾಟು ಗೆರೆ ಒಮ್ಮೆಲೇ ಎದ್ದು ನಿಂತಿತು. ಚೌಕಾಗಿ, ಕಪ್ಪಗೆ. ಅದರ ಬುಡದಲ್ಲಿ ಮೀನುಗಳು ಕಿಕ್ಕಿರಿದಿದ್ದವು. ಟಿಣ್ ಟಿಣ್ ಎಂದು ಸದ್ದು ನಿಲ್ಲಲೇ ಇಲ್ಲ. ಮನೆಯವರ ಮುಖ ಅರಳಿತು. ಮಾವ ಸ್ವಲ್ಪ ಹೊತ್ತು ಬಗ್ಗಿ ನೋಡಿ ಮುಖ ತಿರುಗಿಸಿದರು.

“ಮನಿ ಮ್ಯಾಲೆ ಹಾದ ಹೋಗೂದು ಬ್ಯಾರೆ,” ಎಂದರು. “ಸತ್ತ ಮನಿಯೊಳಗ ಹಣಿಕಿ ಹಾಕಿ ನೋಡೂದು ಬ್ಯಾರೆ.”

ಮಾತು ತಿರುಗಿಸಲು ನಾನು ಅಂಗಡಿಯವನಿಗೆ ಕೇಳಿದೆ: “ಮುಂದ ಏನೈತಿ ಅಂತ ತೋರಸತೈತೇನ್ರಿ ಇದು?”

“ಇಲ್ರಿ ಅಕ್ಕಾರ. ಕೆಳಗಿಂದಷ್ಟ ತೋರಸತೈತಿ.”

“ಮತ್ತ ಮುಂದಿಂದು?”

ಅವನು ನಕ್ಕ. “ಮುಂದ ನೋಡಾಕ ದೇವರು ಕಣ್ಣು ಕೊಟ್ಟಾನಲ್ರಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ದಂಡೆಗೆ ಬಂದು ಮನೆ ಸೇರಿದ ಮೇಲೆ, ಕೊಳ್ಳುವುದಿದ್ದರೆ ಚಿಕ್ಕದೇ ಸಾಕು ಎಂದೆ. ಗಾಜು ಚಿಕ್ಕದಿದ್ದರೆ ನೋಡುವುದೂ ಕಡಿಮೆ ಎಂಬುದು ನನ್ನ ಲೆಕ್ಕ. ಆ ಗಣಿತವೂ ಯಾರಿಗೂ ಒಪ್ಪಿಗೆಯಾಗಲಿಲ್ಲ. ಮನೆಯವರು ದೊಡ್ಡದನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದರು. “ಅವತ್ತ ಅಣ್ಣನ ಕಡೆ ಇದು ಇದ್ದಿದ್ರ,” ಎಂದರು, ಮಾತು ಮುಗಿಸಲಿಲ್ಲ. ಅಷ್ಟು ಹೊತ್ತು ಹೊಸ್ತಿಲಲ್ಲಿ ಸುಮ್ಮನೆ ನಿಂತಿದ್ದ ಅತ್ತೆ ಆಗ ಒಳಗೆ ಬಂದರು.

“ದೊಡ್ಡದ ಇರ್ಲಿ,” ಎಂದರು. “ಇನ್ನೊಬ್ಬ ಮಗನ್ನ ಆ ನೀರಿಗೆ ಕೊಡಾಂಗಿಲ್ಲ ನಾ.”

ಅಲ್ಲಿಗೆ ತೀರ್ಮಾನವಾಯಿತು. ಮಾವ ಎದ್ದು ಹೋಗಿ ಬಲೆಯ ಮುಂದೆ ಕುಳಿತರು.

ಮಿಷನ್ ಕೂರಿಸಿದ ಮೇಲೆ ಮೊದಲ ಗುರುತು ಹಾಕಿದ್ದು ವಾಡೆಯ ಮೇಲೆ. ಅಲ್ಲಿ ಎಚ್ಚರ ಇರಲೆಂದು. ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಾನೇ ಒತ್ತಿದೆ. ಗುರುತಿಗೊಂದು ಚಿತ್ರವನ್ನೂ ಆರಿಸಬೇಕಿತ್ತು. ಮೀನು, ಲಂಗರು, ತಲೆಬುರುಡೆ ಹೀಗೆ ಹಲವು. ಮನೆಯವರು ತಲೆಬುರುಡೆ ಹಾಕು ಎಂದು ಚೇಷ್ಟೆ ಮಾಡಿದರು. ಅಂಥದ್ದು ನನಗೆ ಸೇರುವುದಿಲ್ಲ. ಮೀನಿನ ಚಿತ್ರ ಹಾಕಿದೆ.

ಆ ಚಳಿಗಾಲ ಬಂದಷ್ಟು ಕಟ್ಲಾ, ರೋಹು ಅದಕ್ಕೆ ಮೊದಲು ಎಂದೂ ಬಂದಿರಲಿಲ್ಲ. ಮನೋಳಿಯ ಸಂತೆಗೆ ಬುಟ್ಟಿ ಹೊರುವವರು ಸಾಲದೆ ಟಂಟಂ ಗಾಡಿ ಮಾತಾಡಿದೆವು. ಊರಿನವರು ನಮ್ಮ ಬೋಟಿನ ಬೆನ್ನು ಹತ್ತಿ ಬಲೆ ಹಾಕುತ್ತಿದ್ದರು. ವಾಡೆಯ ಬುಡದಲ್ಲಿ ಮೀನು ಕೂಡುವುದು ಗೊತ್ತಾದ ಮೇಲೆ, ಎಚ್ಚರಿಕೆಗೆಂದು ಹಾಕಿದ ಗುರುತಿಗೇ ಮನೆಯವರು ದಿನಾ ಹೊರಡತೊಡಗಿದರು. ಅಂಕಿ ಕಡಿಮೆಯಾಗುತ್ತ ಬಂದರೆ ಗೋಡೆ ಹತ್ತಿರ ಬಂತೆಂದು ಅರ್ಥ, ಆಗ ತಿರುಗಿಸಿದರಾಯಿತು. ಅಂಗುಲ ತಪ್ಪುವುದಿಲ್ಲ ಎಂದು ಹೇಳಿಕೊಂಡು ತಿರುಗಿದರು. ಅದು ನಿಜವೂ ಆಗಿತ್ತು.

ಒಂದು ಸಂಗತಿ ಮಾತ್ರ ನನ್ನ ಕಣ್ಣಿಗೆ ಬೀಳುತ್ತಿತ್ತು. ಮೊದಲು ನೀರಿನ ಮೇಲೆ ಹೋಗುವಾಗ ಮನೆಯವರ ಕತ್ತು ಕೊಕ್ಕರೆಯ ಹಾಗೆ ಎತ್ತರದಲ್ಲಿ ಇರುತ್ತಿತ್ತು. ಗುಡ್ಡ, ಬೇವಿನ ಮರ, ಗಾಳಿ, ಹಕ್ಕಿ, ಎಲ್ಲವನ್ನೂ ನೋಡುತ್ತ ಹೋಗುತ್ತಿದ್ದರು. ಈಗ ದಂಡೆ ಬಿಟ್ಟ ಕೂಡಲೇ ತಲೆ ಕೆಳಗೆ. ದಂಡೆಯ ಮೇಲೆ ನಿಂತು ನಾನು ಕೈ ಬೀಸಿದರೆ ಕಾಣುತ್ತಿರಲಿಲ್ಲ. ಸಂಕ್ರಾಂತಿಯ ಸುಮಾರಿಗೆ ಒಬ್ಬ ಮುದುಕನ ಹರಗೋಲಿಗೆ ಬೋಟು ಸವರಿಕೊಂಡು ಹೋಯಿತು. ಮುದುಕ ಹುಟ್ಟು ಎತ್ತಿ, “ಕಣ್ಣ ಏನ ಒತ್ತಿ ಇಟ್ಟೀಯೇನಲೇ,” ಎಂದು ಬೈದನಂತೆ. ಮನೆಯವರು ಅದನ್ನು ಚಹಾ ಕುಡಿಯುತ್ತ ಚೇಷ್ಟೆಗೆ ಹೇಳಿದರು. ಅತ್ತೆಯೂ ನಕ್ಕರು. ಮಾವ ಬಟ್ಟಲು ಕೆಳಗಿಟ್ಟು, “ಅಂವಾ ಕೂಗಿದ, ಅದಕ್ಕ ಉಳದ,” ಎಂದರು.

ಹೋಳಿ ಬಂತು, ಹೋಯಿತು. ನೀರು ಇಳಿಯುತ್ತಿತ್ತು. ಪ್ರತಿ ವರ್ಷ ಆ ಹೊತ್ತಿಗೆ ದಂಡೆಯ ಉದ್ದಕ್ಕೂ ಗಂಡಸರು ಗಳ ಹೆರೆಯುತ್ತ ಕೂರುತ್ತಿದ್ದರು. ಆ ವರ್ಷ ಯಾರೂ ಕೂರಲಿಲ್ಲ. ಗೋಡೆಗಳೆಲ್ಲ ನಮ್ಮ ಮಿಷನ್‌ನಲ್ಲಿ ಇವೆಯಲ್ಲ, ನಮ್ಮ ಬೋಟಿನ ಹಿಂದೆ ಬಂದರಾಯಿತು ಎಂದು ಉಳಿದವರೂ ಸುಮ್ಮನಾದರು. ಬಯಲಾಗಿ ಬಿದ್ದಿದ್ದ ಆ ಕೆರೆ ನೋಡಿದರೆ ನನಗೆ ಭಯವಾಗುತ್ತಿತ್ತು. ಎಲ್ಲೂ ಒಂದು ಕೆಂಪು ಇಲ್ಲ, ಹಸಿರು ಇಲ್ಲ. ಬರೀ ನೀರು, ಏನೂ ಇಲ್ಲವೆಂಬ ಹಾಗೆ ಬಿದ್ದುಕೊಂಡಿತ್ತು.

ಮಾವ ಒಂದು ಬಿದಿರು ತಂದು ಅಂಗಳದಲ್ಲಿ ಹಾಕಿದರು. ಮನೆಯವರು ನೋಡಿ, “ಅಪ್ಪಾ, ಅದೇನ ಬ್ಯಾಡೀಗ,” ಎಂದರು.

“ನಿನಗ ಬ್ಯಾಡ. ಮಿಷನ್ ಇಲ್ಲದಾಂವ ಏನ ಮಾಡ್ಬೇಕು?”

“ಎಲ್ಲಾರೂ ನನ್ನ ಹಿಂದ ಬರ್ತಾರ.”

“ನಿನ್ನ ಮುಂದ ಇದ್ದಾಂವ?”

ಮನೆಯವರಿಗೆ ಸಿಟ್ಟು ಬಂತು. ನಾಲ್ಕು ಜನ ಹೊಗಳಿದ ಮೇಲೆ ಗಂಡಸರಿಗೆ ಬೇಗ ಬರುತ್ತದೆ. ಅಣ್ಣ ಗಳ ಇಲ್ಲದೆ ಸಾಯಲಿಲ್ಲ, ದಾರಿ ತೋರಿಸುವವರಿಲ್ಲದೆ ಸತ್ತ ಎಂದು ಅನ್ನಬಾರದ ಮಾತು ಅಂದರು. ಮಾವ ಗಳವನ್ನು ಗೋಡೆಗೆ ಒರಗಿಸಿಟ್ಟು ಕಟ್ಟೆಯ ಮೇಲೆ ಕುಳಿತು, ಕತ್ತಲಾದರೂ ಒಳಗೆ ಬರಲಿಲ್ಲ.

ಮರುದಿನ ಮಧ್ಯಾಹ್ನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. “ಯವ್ವಾ, ಹಳೇದೊಂದು ಸೀರಿ ಕೊಡು,” ಎಂದರು. ನಾನು ತವರಿನಿಂದ ತಂದ ಕೆಂಪು ಇಳಕಲ್ ಸೀರೆ ಕೊಟ್ಟೆ. ಉಟ್ಟು ಉಟ್ಟು ಸೆರಗು ಹಿಂಜಿತ್ತು. ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, “ದೂರಿಂದ ಕಾಣತೈತಿ ಇದು,” ಎಂದರು. ಮಾವ ಸೀರೆ ಕೇಳಿದರು ಎಂದು ಊಟದ ಹೊತ್ತಿಗೆ ಮನೆಯವರಿಗೆ ಹೇಳಿದೆ. “ಕಟ್ಲಿ ಬಿಡು, ಮುದುಕಗ ಸಮಾಧಾನ ಆಕ್ಕೈತಿ,” ಎಂದರು. ಯಾವಾಗ ಹೋಗುತ್ತಾರೆಂದು ಅವರು ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ತಂದೆ ಮಗ ಮಾತು ಬಿಟ್ಟಿದ್ದರು.

ಅದರ ಮರುದಿನ ಬೆಳಕು ಹರಿಯುತ್ತಿದ್ದಂತೆಯೇ ಮನೆಯವರು ಬೋಟು ತೆಗೆದರು. ಮೀನು ತೂಗಲು ತಕ್ಕಡಿ ಹೊತ್ತುಕೊಂಡು ನಾನು ದಂಡೆಗೆ ಇಳಿದೆ. ನೀರಿನ ಮೇಲೆ ತೆಳ್ಳಗೆ ಹೊಗೆಯಂಥ ಮಂಜು. ಮಾವನ ಹರಗೋಲು ಇರುವ ಜಾಗದಲ್ಲಿ ಕಲ್ಲುಗಳ ಮೇಲೆ ಅದರ ಒದ್ದೆ ಗುರುತು ಮಾತ್ರ ಇತ್ತು. ಮುದುಕರು ನಮಗಿಂತ ಮೊದಲೇ ಎದ್ದು ಹೋಗಿದ್ದರು. ಬೋಟಿನ ಇಂಜಿನ್ ಸದ್ದು ದೂರ ದೂರ ಹೋಗುತ್ತಿತ್ತು, ನೆಟ್ಟಗೆ ವಾಡೆಯ ಕಡೆ, ಮಿಷನ್‌ನ ಗೆರೆಯ ಮೇಲೆ. ನಾನು ತಕ್ಕಡಿ ಕೆಳಗಿಟ್ಟು ಕೂಗಿದೆ. ಇಂಜಿನ್ ಸದ್ದಿನಲ್ಲಿ ನನ್ನ ಕೂಗು ಯಾರಿಗೆ ಕೇಳಬೇಕು? ಮತ್ತೊಮ್ಮೆ ಕೂಗಿದೆ. ಸದ್ದು ನಿಧಾನವಾಯಿತು, ಗೋಡೆಯ ಹತ್ತಿರ ಯಾವಾಗಲೂ ಆಗುವ ಹಾಗೆ. ಆಮೇಲೆ ಒಂದು ಬಡಿತ ಕೇಳಿತು. ದೊಡ್ಡದೇನಲ್ಲ, ಬಾಗಿಲು ಹಾಕಿದ ಹಾಗೆ. ಇಂಜಿನ್ ನಿಂತಿತು. ಆಮೇಲೆ ನನ್ನ ಗಂಡ “ಯಪ್ಪಾ” ಎಂದದ್ದು ನೀರಿನ ಮೇಲೆ ಹಾದು ಸ್ಪಷ್ಟವಾಗಿ ಬಂತು.

ಬೋಟು ದಂಡೆಗೆ ಬಂದಾಗ ಮಾವನ ತಲೆ ಮನೆಯವರ ತೊಡೆಯ ಮೇಲಿತ್ತು. ಹರಗೋಲಿನ ಮೇಲೆ ಬೋಟಿನ ಮೂತಿ ಏರಿ, ಗೋಡೆಯ ಮೇಲೆ ನಿಂತಿದ್ದ ಅವರನ್ನು ಹಿಂದಕ್ಕೆ ಕಲ್ಲಿನ ಮೇಲೆ ಕೆಡವಿತ್ತು. ಉಸಿರು ದಾರಿಯಲ್ಲೇ ನಿಂತಿತ್ತು. ಸವದತ್ತಿಯಿಂದ ಬಂದ ಪೊಲೀಸರು ಪಂಚನಾಮೆ ಮಾಡಿಕೊಂಡು ಹೋದರು, ಆಕಸ್ಮಿಕ ಅಂದರು. ಇಷ್ಟೆಲ್ಲದರ ನಡುವೆ ಬೋಟಿನಲ್ಲಿ ಮಿಷನ್ ಹತ್ತಿಕೊಂಡೇ ಇತ್ತು. ದಂಡೆಯ ನೀರಿನಲ್ಲಿ ಮರಿಮೀನುಗಳು ಓಡಾಡಿದಂತೆಲ್ಲ ಟಿಣ್ ಟಿಣ್ ಎನ್ನುತ್ತಿತ್ತು. ಅದನ್ನು ಬಂದ್ ಮಾಡುವುದು ಅಲ್ಲಿದ್ದ ಬೇರೆ ಯಾರಿಗೂ ಬರುತ್ತಿರಲಿಲ್ಲ. ನಾನೇ ಹತ್ತಿ ಗುಂಡಿ ಒತ್ತಿದೆ.

ಅತ್ತೆ ಅಳಲಿಲ್ಲ. ಮಗನ ಮುಂದೆ ಬಂದು ನಿಂತು, “ಸೀರಿ ಕಟ್ಟಿದ್ದರಲ್ಲೋ. ನೋಡಲಿಲ್ಲೇನು?” ಎಂದು ಕೇಳಿದರು.

“ನೋಡಾಕತ್ತಿದ್ನಿ ಯವ್ವಾ,” ಎಂದರು ಮನೆಯವರು. “ಕೆಳಗ ನೋಡಾಕತ್ತಿದ್ನಿ.”

ಅತ್ತೆ ಮಗನ ತಲೆಯನ್ನು ಎಳೆದು ತಮ್ಮ ಹೊಟ್ಟೆಗೆ ಒತ್ತಿಕೊಂಡರು, ಬಹಳ ಹೊತ್ತು ಬಿಡಲಿಲ್ಲ.

ಗಳ ಮಾತ್ರ ಬಿದ್ದಿರಲಿಲ್ಲ. ಮಾವ ತಮ್ಮ ಕೆಲಸ ಮುಗಿಸಿಯೇ ಇದ್ದರು. ಆ ಬೇಸಿಗೆಯ ಉದ್ದಕ್ಕೂ, ನೀರು ಇಳಿದು ವಾಡೆ ಕಲ್ಲು ಕಲ್ಲಾಗಿ ಮೇಲೆ ಎದ್ದು ಬಂದರೂ, ನನ್ನ ಕೆಂಪು ಸೀರೆ ಅಲ್ಲೇ ಹಾರುತ್ತಿತ್ತು. ಹಿತ್ತಲ ಬಾಗಿಲು ತೆರೆದರೆ ಅದೇ ಮೊದಲು ಕಾಣುತ್ತಿತ್ತು. ಎಷ್ಟೋ ದಿನ ಆ ಬಾಗಿಲನ್ನು ನಾನು ತೆರೆಯಲೇ ಇಲ್ಲ.

ಮನೆಯವರು ಎರಡು ಮಳೆಗಾಲ ಬೋಟು ಮುಟ್ಟಲಿಲ್ಲ. ಊಟಕ್ಕೆ ಕೂತರೆ ತಾಟಿನ ಕಡೆ ನೋಡದೆ, ಎದುರಿನ ಗೋಡೆ ನೋಡುತ್ತ ತುತ್ತು ಎತ್ತುತ್ತಿದ್ದರು. ಯಾರಾದರೂ ಒಳಗೆ ಬಂದರೆ ಬೆಚ್ಚುತ್ತಿದ್ದರು. ಮಿಷನ್ ವಾಪಸು ಕೊಡೋಣ ಎಂದರೆ ಬೇಡವೆಂದರು, ಬಳಸೋಣ ಎಂದೂ ಅನ್ನಲಿಲ್ಲ. ಅದು ಟ್ರಂಕಿನಲ್ಲಿದೆ. ಅದರ ಒಳಗೆ ಆ ಬೆಳಗ್ಗೆಯ ಗೆರೆ ಇನ್ನೂ ಇರಬೇಕು. ನಾನು ಹಚ್ಚಿ ನೋಡಿಲ್ಲ.

ಬೇರೆ ಕೆಲಸ ಬಾರದ ಮನುಷ್ಯ ಎಷ್ಟು ದಿನ ದಂಡೆಯ ಮೇಲೆ ಕೂರಬೇಕು? ಮತ್ತೆ ನೀರಿಗೆ ಇಳಿಯುವ ದಿನ ಅವರು ಬೋಟಿನ ಹಗ್ಗ ಬಿಚ್ಚಿ, ಮತ್ತೆ ಕಟ್ಟಿ, ಮತ್ತೆ ಬಿಚ್ಚುತ್ತಿದ್ದರು. ನಾನು ಯಾರನ್ನೂ ಕೇಳದೆ ಸೆರಗು ಸಿಕ್ಕಿಸಿಕೊಂಡು ಬೋಟಿನ ಮುಂಭಾಗದಲ್ಲಿ ಹೋಗಿ ಕುಳಿತೆ. ಈಜು ಬಾರದ, ಬಾವಿಯ ನೀರಷ್ಟೇ ಬಲ್ಲ ಹೆಂಗಸು. ಹೆದರಿಕೆ ಹೋಗಿರಲಿಲ್ಲ, ಇಂದಿಗೂ ಹೋಗಿಲ್ಲ. ಆದರೆ ಅಂದಿನಿಂದ ಅದೇ ನನ್ನ ಜಾಗ. ಅವರು ಹಿಂದೆ ಇಂಜಿನ್ ಹತ್ತಿರ, ನಾನು ಮುಂದೆ. ಸ್ವಲ್ಪ ದೂರ ಹೋಗುವುದರೊಳಗೆ ಕೇಳುತ್ತಾರೆ: “ಏನರ ಕಾಣತೈತೇನು?”

“ಏನಿಲ್ಲ, ನಡೀರಿ,” ಎನ್ನುತ್ತೇನೆ.

ಮತ್ತೆ ಸ್ವಲ್ಪ ದೂರ. ಮತ್ತೆ ಅದೇ ಪ್ರಶ್ನೆ. ಬೇಸರವಿಲ್ಲದೆ ಅದೇ ಉತ್ತರ ಕೊಡುತ್ತೇನೆ. ಹೋಳಿ ಮುಗಿದ ಮೇಲಿನ ದಿನಗಳಲ್ಲಿ ಮಾತ್ರ, ಮಂಜಿನ ನಡುವೆ ಆ ವರ್ಷ ನಾವೇ ನೆಟ್ಟ ಗಳ ಕಂಡು, ಅದರ ತುದಿಯಲ್ಲಿ ನನ್ನ ಸೀರೆ ಗುರುತು ಸಿಕ್ಕಾಗ, ಕೈ ಎತ್ತಿ ಹೇಳುತ್ತೇನೆ: “ನಿಲ್ಲಸ್ರಿ. ಮಾವ ಅದಾರ.”

ಅವರು ಇಂಜಿನ್ ಬಂದ್ ಮಾಡುತ್ತಾರೆ.